ಬೆಕ್ಕಿನ ಪಾಲಿನ ಗಂಜಿ

ನಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ನಾನು ಬೆಟಗೇರಿಯ ಮನೆ ಬಿಟ್ಟು ಹನ್ನೆರಡು ತಾಸು ಹೊರಗೆ ಇದ್ದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಒಂದು ಸೂಜಿ, ಸಂಜೆ ಏಳಕ್ಕೆ ಒಂದು ಸೂಜಿ. ನಡುವಿನ ಹೊತ್ತಿನಲ್ಲಿ ಶಿರಹಟ್ಟಿಗೆ ಹೋಗಬಹುದು, ಮುಂಡರಗಿಗೆ ಹೋಗಬಹುದು, ಉಳಿಯುವಂತಿಲ್ಲ. ಮುಂಡರಗಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವರ ಮಗಳ ಮದುವೆಗೆ ಹೋಗಿ, ಅಕ್ಕಿಕಾಳು ಹಾಕಿ, ಊಟಕ್ಕೆ ಎಲೆ ಹಾಕುವ ಮೊದಲೇ ಬಸ್ಸಿಗೆ ಓಡಿದೆ. ನಾನು ಸಿಟ್ಟು ಮಾಡಿಕೊಂಡು ಎದ್ದುಹೋದೆನೆಂದು ಬೀಗರು ತಿಳಿದರಂತೆ.

ಹೊತ್ತಿಗೆ ಸರಿಯಾಗಿ ಬದುಕುವುದು ನನಗೆ ಹೊಸದಲ್ಲ. ಹತ್ತನೆಯ ವಯಸ್ಸಿಗೆ ಉಚಿತ ಬೋರ್ಡಿಂಗ್ ಸೇರಿದವನು ನಾನು. ಅಲ್ಲಿ ಐದಕ್ಕೆ ಗಂಟೆ, ಐದೂಕಾಲಿಗೆ ತಣ್ಣೀರು, ಆರಕ್ಕೆ ಓದು. ಆಮೇಲೆ ಮೂವತ್ತೈದು ವರ್ಷ ರೈಲ್ವೆ ಸ್ಟೇಷನ್ ಮಾಸ್ತರಿಕೆ. ಕಣ್ಣಾರೆ ಕಾಣದ್ದಕ್ಕೆ ಸಹಿ ಹಾಕಬಾರದು ಎಂಬುದು ಆ ನೌಕರಿ ಕಲಿಸಿದ ಮೊದಲ ಪಾಠ. ನಿವೃತ್ತನಾದ ಮೇಲೂ ಅಡುಗೆಮನೆಯ ಗೋಡೆಗೆ ನನ್ನ ದಿನಚರಿಯ ಹಾಳೆ ಅಂಟಿಸಿದ್ದೆ. ಏಳೂಕಾಲಿಗೆ ತಿರುಗಾಟ, ಎಂಟೂವರೆಗೆ ತಿಂಡಿ, ಒಂಬತ್ತಕ್ಕೆ ಪೇಪರು. ನನ್ನ ಹೆಂಡತಿ ಆ ಹಾಳೆಯ ತುದಿಯಲ್ಲಿ ಕೊತ್ತಂಬರಿ ಕಟ್ಟಿನ ದಾರ ಸಿಗಿಸುತ್ತಿದ್ದಳು.

ನಮ್ಮದು ನೇಕಾರರ ಮನೆ. ನಾನು ಓದಿ ನೌಕರಿ ಹಿಡಿದೆ. ಮಗ್ಗ ನನ್ನ ಅವ್ವನಿಂದ ಹೆಂಡತಿಗೆ ಬಂತು. ನಡುಮನೆಯ ನೆಲದಲ್ಲಿ ಗುಂಡಿ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಆಕೆ ಇಂದಿಗೂ ಸೀರೆ ನೇಯುತ್ತಾಳೆ. ದಿನಾ ಬೆಳಿಗ್ಗೆ ಮೈದಾಹಿಟ್ಟಿನ ಗಂಜಿ ಕಾಸಿ, ಎರಡು ಹನಿ ಎಣ್ಣೆ ಬಿಟ್ಟು, ಅಂದು ನೇಯಬೇಕಾದಷ್ಟು ನೂಲಿಗೆ, ಎಳೆ ಗಟ್ಟಿಯಾಗಲೆಂದು, ಮಗ್ಗದ ಮೇಲೆಯೇ ಬಳಿಯುತ್ತಾಳೆ. ಗಂಜಿ ಕುಡಿದ ನೂಲೆಂದರೆ ಇಲಿಗೆ ಪ್ರಾಣ. ಅದಕ್ಕೇ ನಮ್ಮಂಥ ಮನೆಗಳಲ್ಲಿ ಬೆಕ್ಕು ಬೇಕು. ಕಾಸಿದ ಗಂಜಿಯಲ್ಲಿ ಮೊದಲ ಸೌಟು ಬೆಕ್ಕಿಗೆ ಹಾಕಿಯೇ ನೂಲಿಗೆ ಬಳಿಯುವುದು ಅವ್ವನ ಕಾಲದಿಂದ ಬಂದ ಪದ್ಧತಿ. ಕುಣಿಯ ಅಂಚಿನಲ್ಲಿ ಒಂದು ತೆಂಗಿನ ಚಿಪ್ಪು ಅದಕ್ಕೆಂದೇ ಇರುತ್ತಿತ್ತು. ಬೆಕ್ಕಿಗೆ ಕೊಡದೆ ಬಳಿದ ನೂಲು ಹರಿಯುತ್ತದೆ ಎಂದು ಅವ್ವ ನಂಬಿದ್ದಳು.

ಬೆಕ್ಕು ಕೊಡಗಟ್ಟಲೆ ನೀರು ಕುಡಿದು ಬಡಕಲಾಗತೊಡಗಿದಾಗ ಪಶುವೈದ್ಯೆಯೊಬ್ಬರಿಗೆ ತೋರಿಸಿದೆವು. ಸಣ್ಣ ವಯಸ್ಸಿನವರು, ನಾವು ಡಾಕ್ಟರ್ ಬಾಯಾರು ಎನ್ನುತ್ತಿದ್ದೆವು. ಸಾಕುಪ್ರಾಣಿಯ ದೀರ್ಘ ಕಾಯಿಲೆ ಮತ್ತು ಅದನ್ನು ನೋಡಿಕೊಳ್ಳುವವರ ಬದುಕು ಒಂದಕ್ಕೊಂದು ಹೇಗೆ ತಳಕು ಹಾಕಿಕೊಳ್ಳುತ್ತವೆ ಎಂಬುದು ಅವರ ಸಂಶೋಧನೆ. ನಮ್ಮನ್ನೂ ಸೇರಿಸಿಕೊಂಡರು. ಅನ್ನ, ಹಾಲು, ರೊಟ್ಟಿ, ಹಿಟ್ಟಿನದು ಏನೂ ಕೂಡದು, ಮಾಂಸ ಮಾತ್ರ ಎಂದರು. ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಳೆಯುವುದು, ಕತ್ತಿನ ಮೇಲಿನ ಚರ್ಮ ಎತ್ತಿ ಇನ್ಸುಲಿನ್ ಸೂಜಿ ಕೊಡುವುದು ಕಲಿಸಿದರು. ಔಷಧಿ ಹೆಚ್ಚಾದರೆ ಬೆಕ್ಕು ಹೇಗೆ ತೂರಾಡುತ್ತದೆ, ಆಗ ಏನು ಮಾಡಬೇಕು ಎಂಬುದನ್ನೂ ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡು ಒಂದು ರಿಜಿಸ್ಟರ್ ಮಾಡಿದೆ. ಹೊತ್ತು, ಸಕ್ಕರೆಯ ಅಂಕಿ, ಆಹಾರ, ಔಷಧಿ, ಸಹಿ.

ತಿಂಗಳಿಗೊಮ್ಮೆ ಬಾಯಾರು ಒಂದು ಪ್ರಶ್ನೆಗಳ ಹಾಳೆ ಕೊಡುತ್ತಿದ್ದರು. ಅದು ಬೆಕ್ಕಿಗಲ್ಲ, ನಮಗೆ. ನಿದ್ದೆ ಹೇಗಿದೆ, ನೆಂಟರ ಮನೆಗೆ ಹೋಗುತ್ತೀರಾ, ಹೀಗೆ. ಒಂಬತ್ತನೆಯ ಪ್ರಶ್ನೆ: ಈ ಪ್ರಾಣಿಯ ಆರೈಕೆಯಿಂದ ನಿಮ್ಮನ್ನು ಕಟ್ಟಿಹಾಕಿದಂತೆ ಅನ್ನಿಸುತ್ತದೆಯೇ? ಇಲ್ಲವೇ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ. ನಾನು ಪ್ರತಿ ಸಲವೂ ‘ಇಲ್ಲವೇ ಇಲ್ಲ’ಕ್ಕೆ ಗುರುತು ಹಾಕಿದೆ. ಒಂದು ಬೆಕ್ಕು ನನ್ನನ್ನು ಕಟ್ಟಿಹಾಕಿದೆ ಎಂದು ಬರೆಯಲು ಕೈ ಬರಲಿಲ್ಲ.

ಮಾಂಸದ್ದೇ ದೊಡ್ಡ ಪೇಚು. ನಮ್ಮ ಒಲೆಯ ಮೇಲೆ ಮೊಟ್ಟೆಯೂ ಏರಿಲ್ಲ. ಹಿತ್ತಲಗೋಡೆಯ ಆಚೆ ಇರುವ ನಿವೃತ್ತ ದರ್ಜಿ ಸಾಹೇಬರು ಕೈ ಹಿಡಿದರು. ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಉಪ್ಪು ಖಾರ ಇಲ್ಲದೆ ಕೋಳಿ ಬೇಯಿಸಿ ಏಳಕ್ಕೆ ಹತ್ತು ನಿಮಿಷ ಇರುವಾಗ ಗೋಡೆಯ ಮೇಲೆ ಡಬ್ಬಿ ಇಡುತ್ತಿದ್ದರು. ಬೆಕ್ಕು ಗೋಡೆ ಏರಿ ಅಲ್ಲಿಯೇ ಉಂಡು, ಇಲ್ಲಿ ಬಂದು ಚುಚ್ಚಿಸಿಕೊಳ್ಳುತ್ತಿತ್ತು.

“ನೋಡ್ರಿ ಮಾಸ್ತರ, ದಾವತ್ ನಮ್ಮ ಮನ್ಯಾಗ, ಸಜಾ ನಿಮ್ಮ ಮನ್ಯಾಗ. ಒಂದಿನ ಅದು ಸಾಮಾನು ಕಟ್ಕೊಂಡು ನಮ್ಮ ಕಡೆನ ಬರತೈತಿ,” ಎಂದು ಸಾಹೇಬರು ನಗುತ್ತಿದ್ದರು.

“ಬರಲಿ. ಏಳಕ್ಕ ಸೂಜಿ ಹಾಕಾಕ ನಾನೂ ಅಲ್ಲೇ ಬರತೇನಿ.”

“ನೀವು ಬ್ಯಾಡ್ರೀಪಾ. ನೀವು ಬಂದ್ರ ನಮ್ಮ ನಮಾಜಿಗೂ ಟೈಮ್‌ಟೇಬಲ್ ಬರೀತೀರಿ.”

ಎಂಟು ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಬಾಯಾರು ರಿಜಿಸ್ಟರ್ ತಿರುವಿ ತಿರುವಿ ನೋಡಿ, “ಹೊತ್ತಿಗೆ ಸರಿಯಾಗಿ ಕೊಡಾಕತ್ತೀರಿ. ಊಟಾನೂ ಬರೋಬ್ಬರಿ ಐತಿ. ಆದ್ರೂ ಯಾಕ ಇಳೀವಲ್ದು?” ಎಂದು ಔಷಧಿಯನ್ನು ಎರಡು ಸಲ ಏರಿಸಿದರು.

ಎರಡನೆಯ ಸಲ ಏರಿಸಿದ ಆರನೆಯ ದಿನ ನಾನು ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ, ನನಗಿಂತ ಎಂಟು ವರ್ಷ ದೊಡ್ಡವಳು. ಆ ವರ್ಷ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಮಬ್ಬು. ಹೋದಾಗಲೆಲ್ಲ ಆಕೆಯದು ಒಂದೇ ಮಾತು.

“ಒಂದು ರಾತ್ರಿ ಇರೋ ತಮ್ಮಾ. ಬೋರ್ಡಿಂಗಿಗೆ ಹೋದಾಗಿಂದ ನೀ ನನ್ನ ಕೂಡ ಪೂರಾ ಒಂದಿನ ಕುಂತು ಮಾತಾಡಿಲ್ಲ.”

“ಸಂಜೀಕ ಏಳಕ್ಕ ಸೂಜಿ ಐತಿ ಅಕ್ಕಾ.”

“ಬೆಕ್ಕಿಗೆ ಇರೋ ಕಿಮ್ಮತ್ತು ನನಗಿಲ್ಲ ಬಿಡು. ಮುಂದಿನ ಜನ್ಮದಾಗ ಮ್ಯಾಂವ್ ಅಂತ ಹುಟ್ಟತೇನಿ.”

ಅಷ್ಟರಲ್ಲಿ ಫೋನು ಬಂತು. ಹೆಂಡತಿ.

“ಏನ್ರೀ, ಬೆಕ್ಕು ನೆಟ್ಟಗ ನಿಂದ್ರವಲ್ದು. ಕುಡದಾವ್ರಂಗ ಜೋಲಿ ಹೊಡಿಯಾಕತ್ತೈತಿ.”

“ಮೈ ನಡಗತೈತೇನು?”

“ಹೂಂ. ಕರದ್ರ ಈ ಕಡೆ ನೋಡವಲ್ದು.”

ರಕ್ತದಲ್ಲಿ ಸಕ್ಕರೆ ಕುಸಿದಿತ್ತು. ಬಾಯಾರು ವರ್ಣಿಸಿದ್ದು ಇದನ್ನೇ.

“ಸಕ್ಕರಿ ನೀರು ಮಾಡು. ಬೆರಳಿಗೆ ಹಚ್ಚಿ ಒಸಡಿಗೆ ತಿಕ್ಕು. ಬಾಯಾಗ ಸುರೀಬ್ಯಾಡ, ಉಸುರಿಗೆ ಹೋಗತೈತಿ.”

“ಸಕ್ಕರಿ? ಸಕ್ಕರಿ ಕೊಟ್ರ ಸಾಯತೈತಿ ಅಂತ ನೀವ ಹೇಳೀರಿ!”

“ಈಗ ಕೊಡದಿದ್ರ ಸಾಯತೈತಿ. ಹಚ್ಚು, ಜಲ್ದಿ!”

ಫೋನನ್ನು ಕೆಳಗಿಟ್ಟ ಸದ್ದು, ಡಬ್ಬಿ ಉರುಳಿದ ಸದ್ದು, ಆಕೆ ಬೆಕ್ಕನ್ನು “ಏಳವ್ವಾ, ಏಳ ನನ್ನವ್ವಾ” ಎಂದು ಕರೆಯುವುದು ಕೇಳಿಸಿತು. ನಾನು ಲಕ್ಷ್ಮೇಶ್ವರದ ಪಡಸಾಲೆಯಲ್ಲಿ ನಿಂತು ಕೇಳುತ್ತಿದ್ದೆ, ಅಷ್ಟೇ. ಆಮೇಲೆ ಆಕೆ ಮತ್ತೆ ಫೋನಿಗೆ ಬಂದಳು. ಬೆಕ್ಕು ನಾಲಿಗೆ ಆಡಿಸುತ್ತಿದೆ ಎಂದಳು.

“ಮುಂಜಾನೆ ಏನು ತಿಂದೈತಿ?”

“ಚಾಚಿ ಕೊಟ್ಟ ಕೋಳಿ, ಅದೂ ಅರ್ಧ.”

“ಬ್ಯಾರೆ?”

“ಇವತ್ತ ಬ್ಯಾರೆ ಏನೂ ಇಲ್ರಿ.”

“ಇವತ್ತ ಅಂದ್ರ?”

“ಇವತ್ತ ಅಮಾಸಿ ಅಲ್ಲೇನ್ರಿ. ಮಗ್ಗ ಹೂಡಿಲ್ಲ. ಗಂಜಿ ಕಾಸಿಲ್ಲ.”

ಅಮಾವಾಸ್ಯೆಯಂದು ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಬಾಯಾರು ಬೇಡವೆಂದ ಮೇಲೂ ಉಳಿದೆಲ್ಲ ದಿನ ಗಂಜಿಯ ಮೊದಲ ಸೌಟು ಬೆಕ್ಕಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಆಗ.

ಬಾಯಾರಿಗೆ ಫೋನು ಮಾಡಿ ಹೇಳಿದೆ. ಒಸಡಿಗೆ ಸಕ್ಕರೆ ನೀರು ಹಚ್ಚುತ್ತಲೇ ಇರಲಿ, ನಾನು ಈಗಲೇ ಹೊರಡುತ್ತೇನೆ ಎಂದರು. ನಾನು ಅಕ್ಕನಿಗೆ ಸರಿಯಾಗಿ ಹೇಳದೆಯೇ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಮುಳಗುಂದಕ್ಕೆ ಬಂದು ನಿಂತುಬಿಟ್ಟಿತು. ಡ್ರೈವರ್ ಚಹಾಕ್ಕೆ ಇಳಿದ. ನಾನು ಗಡಿಯಾರ ನೋಡುತ್ತ ಬಾಗಿಲ ಹತ್ತಿರ ನಿಂತೆ.

“ಕುಂಡ್ರಿ ಅಜ್ಜಾರ,” ಎಂದ ಕಂಡಕ್ಟರ್. “ನೀವು ನಿಂತ್ರ ಬಸ್ ಜಲ್ದಿ ಮುಟ್ಟತೈತೇನು?”

“ನಿಮ್ಮ ಹೊರಡೋ ಟೈಮ್ ಆಗಿ ಏಳು ನಿಮಿಷ ಆತು.”

“ಏಳು ನಿಮಿಷದಾಗ ಯಾರ ಜೀವ ಹೋಗತೈತ್ರಿ?”

ಬೆಕ್ಕಿನದು ಎಂಬ ಮಾತು ಬಾಯಿತನಕ ಬಂದಿತ್ತು. ಕುಳಿತೆ. ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ಬೆಕ್ಕು. ನಾನು ನಡುದಾರಿಯಲ್ಲಿ ಎರಡೂ ಕಡೆಗೆ ಉಪಯೋಗವಿಲ್ಲದವನು.

ಮನೆ ಮುಟ್ಟಿದಾಗ ಬಾಯಾರು ಬಂದು ನೋಡಿ, ಬೆಕ್ಕು ಕೋಳಿಯ ನಾಲ್ಕು ತುಣುಕು ತಿಂದ ಮೇಲೆ ಹೋಗಿದ್ದರು. ಸಂಜೆಯ ಸೂಜಿ ಬೇಡ, ನಾಳೆ ಬರುತ್ತೇನೆ ಎಂದಿದ್ದರಂತೆ. ಹೆಂಡತಿ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಮಗ್ಗ ಸುಮ್ಮನಿತ್ತು. ಬೆಕ್ಕು ಆಕೆಯ ಸೆರಗಿನಲ್ಲಿ ಮಲಗಿ ಆಕೆಯ ಬೆರಳಿನ ಸಿಹಿ ನೆಕ್ಕುತ್ತಿತ್ತು.

ನಾನು ರಿಜಿಸ್ಟರ್ ತೆಗೆದೆ, ಗೋಡೆಯ ಕ್ಯಾಲೆಂಡರ್ ಜೊತೆ ಹಿಡಿದು ನೋಡಿದೆ. ಪ್ರತಿ ಅಮಾವಾಸ್ಯೆಯ ಸಂಜೆ ಸಕ್ಕರೆಯ ಅಂಕಿ ಕೆಳಗಿತ್ತು. ಮರುದಿನ ಮತ್ತೆ ಮೇಲೆ. ಎಂಟು ತಿಂಗಳು ನನ್ನ ಕೈಬರಹದಲ್ಲೇ ಅದು ಅಲ್ಲಿ ಕುಳಿತಿತ್ತು. ಪಕ್ಕದ ಆಹಾರದ ಕಲಮಿನಲ್ಲಿ ‘ಕೋಳಿ ಮಾತ್ರ’ ಎಂದು ಬರೆದು ದಿನಾ ಸಹಿ ಹಾಕಿದ್ದೆ. ಆಕೆ ಗಂಜಿ ಕಾಸುವ ಹೊತ್ತಿಗೆ ನಾನು ತಿರುಗಾಟದಲ್ಲಿ ಇರುತ್ತಿದ್ದೆ. ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ.

“ಯಾಕ ಮುಚ್ಚಿಟ್ಟಿ?” ಎಂದೆ.

“ಮುಚ್ಚಿಟ್ಟಿಲ್ಲ. ನೀವು ಕೇಳಿಲ್ಲ.” ಆಮೇಲೆ ಆಕೆಯ ದನಿ ಏರಿತು. “ಗಂಜಿ ಅಂದ್ರ ಊಟ ಅಂತ ನನಗ ಅನ್ನಿಸಿಲ್ರಿ. ಅದು ಅದರ ಪಾಲು. ಇಲಿ ಕಾಯತೈತಿ, ಪಾಲು ತಗೋತೈತಿ. ನಿಮಗ ಪೆನ್ಶನ್ ಕೊಟ್ಟಂಗ. ಇಷ್ಟು ಸೂಜಿ ಚುಚ್ಚಿಸಿಕೊಳ್ಳೋ ಜೀವಕ್ಕ ಅದನ್ನೂ ಕಸೀಲೇನು?”

ಗೋಡೆಯ ಆಚೆಯಿಂದ ಸಾಹೇಬರು, “ಬದುಕೈತಲ್ರೀ? ಆತು, ಜಗಳ ನಾಳಿಗೆ ಇಟ್ಕೋರಿ,” ಎಂದರು.

ಮರುದಿನ ಬೆಳಿಗ್ಗೆ ಸೂಜಿಯ ಹೊತ್ತಿಗೆ ಬಂದ ಬಾಯಾರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ರಿಜಿಸ್ಟರ್ ನೋಡಿದರು.

“ಈ ಎಂಟು ತಿಂಗಳದ್ದು ಅಧ್ಯಯನದಾಗ ಹಿಡಿಯಾಕ ಬರೂದಿಲ್ಲ ಸರ್ರ. ಔಷಧಿ ಅರ್ಧಕ್ಕ ಇಳಿಸೋಣ. ಗಂಜಿ ಬಂದ್.”

ನೌಕರಿಯಲ್ಲಿ ಬೇರೆಯವರ ತಪ್ಪಿಗೆ ಎಷ್ಟೋ ಸಲ ಷರಾ ಬರೆದವನು ನಾನು. ನನ್ನ ಎಂಟು ತಿಂಗಳ ಸಹಿಗಳು ಒಂದು ಮಾತಿಗೆ ರದ್ದಾದವು. ಬಾಯಾರು ಹೊಸ ಪ್ರಶ್ನೆಗಳ ಹಾಳೆ ತೆಗೆದು, ಈ ಸಲ ಇಬ್ಬರನ್ನೂ ಕೂಡಿಸಿ ಕೇಳಿದರು. ಒಂಬತ್ತನೆಯದಕ್ಕೆ ಬಂದಾಗ ಹೆಂಡತಿ ನನಗಿಂತ ಮೊದಲೇ ಬಾಯಿ ಹಾಕಿದಳು.

“ಬೆಕ್ಕು ಏನು ಕಟ್ಟತೈತಿ ಬಾಯಾರ, ಪಾಪ! ಇವರು ಕಟ್ಯಾರ. ಏಳಕ್ಕ ಸೂಜಿ, ಎಂಟೂವರಿಗೆ ತಿಂಡಿ. ಒಂದು ನಿಮಿಷ ಆಚೀಚಿ ಆದ್ರ ಮನೀ ಮ್ಯಾಲೆ ರೈಲು ಬಂದಂಗ ಮಾಡ್ತಾರ.”

“ಸೂಜಿ ಒಂದರ್ಧ ತಾಸು ಹಿಂದ ಮುಂದ ಆದ್ರ ನಡೀತೈತ್ರಿ,” ಎಂದರು ಬಾಯಾರು. “ಮೊದಲ ದಿನಾನ ಹೇಳಿದ್ದೆ.”

ಹೌದು, ಹೇಳಿದ್ದರು. ಅದೊಂದನ್ನು ನಾನು ಬರೆದುಕೊಂಡಿರಲಿಲ್ಲ.

“ಹಂಗಾರ ಸೂಜಿ ನನಗೂ ಕಲಿಸ್ರಿ,” ಎಂದಳು ಹೆಂಡತಿ. ನಾನು ಬೇಡವೆನ್ನಲು ಹೊರಟೆ. ಬಾಯಾರು ಆಗಲೇ ಸೂಜಿಯನ್ನು ಆಕೆಯ ಕೈಗೆ ಕೊಟ್ಟಿದ್ದರು. ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುವ ಬೆರಳುಗಳು. ಬೆಕ್ಕಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿ ಅದು ಪ್ರತಿ ಸಲವೂ ಕಿವಿ ಮಡಚುತ್ತಿತ್ತು.

ಒಂಬತ್ತನೆಯ ಪ್ರಶ್ನೆಗೆ ನಾನು ‘ಯಾವಾಗಲೂ’ಕ್ಕೆ ಗುರುತು ಹಾಕಿದೆ.

ಎರಡು ವಾರದ ನಂತರ ಲಕ್ಷ್ಮೇಶ್ವರಕ್ಕೆ ಹೋಗಿ ಉಳಿದೆ. ಸಂಜೆ ಏಳಕ್ಕೆ ಅಕ್ಕನ ಮುಂದೆ ಕುಳಿತಿದ್ದೆ. ಆಕೆ ನಮ್ಮ ಅವ್ವನ ಬಗ್ಗೆ ಏನೋ ಹೇಳುತ್ತಿದ್ದಳು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಏಳೂಹತ್ತಾಯಿತು, ಏಳೂಕಾಲಾಯಿತು. ಫೋನು ಮುಟ್ಟದೆ ಇರಲು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ಅಕ್ಕನಿಗೆ ನನ್ನ ಮುಖ ಕಾಣುವುದಿಲ್ಲ, ಆದರೂ, “ಇಲ್ಲೆ ಬಾರೋ ತಮ್ಮಾ, ಎಲ್ಲಿ ಹೋದಿ?” ಎಂದಳು.

ಮರುದಿನ ಮನೆಗೆ ಬಂದು ಮೊದಲು ರಿಜಿಸ್ಟರ್ ತೆರೆದೆ. ಹೊತ್ತಿನ ಕಲಮಿನಲ್ಲಿ ಆಕೆಯ ದಪ್ಪ ಅಕ್ಷರಗಳು: ‘ಸಂಜೀಕ, ದೀಪ ಹಚ್ಚಿದ ಮ್ಯಾಲ’. ಆಹಾರದ ಕಲಮಿನಲ್ಲಿ: ‘ಕೋಳಿ. ಗಂಜಿ ತೋರಿಸೀನಿ, ಕೊಟ್ಟಿಲ್ಲ’.

ದೀಪ ಎಷ್ಟು ಗಂಟೆಗೆ ಹಚ್ಚಿದೆ ಎಂದು ಕೇಳಿ ಬರೆಯಬೇಕೆಂದು ಪೆನ್ನು ತೆಗೆದೆ. ಮಗ್ಗದಲ್ಲಿ ಲಾಳಿ ಓಡುತ್ತಿತ್ತು. ಕುಣಿಯ ಅಂಚಿನಲ್ಲಿ ಖಾಲಿ ಚಿಪ್ಪಿನ ಪಕ್ಕ ಬೆಕ್ಕು ಕುಳಿತಿತ್ತು. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆ.