ಮಡಕೆಯಿಲ್ಲದೆ ಮರ ಹತ್ತುತ್ತಿದ್ದವರು

ದೆವ್ವ, ಗಾಳಿ ಎಂದು ಯಾರಾದರೂ ಪಿಸುಗುಟ್ಟಿದರೆ ಗಟ್ಟಿಯಾಗಿ ನಗುತ್ತಿದ್ದವನು ನಾನು. ಕಣ್ಣಾರೆ ಕಂಡದ್ದನ್ನೂ ಕಣ್ಣುಜ್ಜಿಕೊಂಡು ಎರಡನೇ ಸಲ ನೋಡದೆ ನಂಬಿದವನಲ್ಲ. ಈಗಲೂ ಅಷ್ಟೇನೂ ಬದಲಾಗಿಲ್ಲ. ಆದರೆ ಒಂದು ಸಂಜೆಯನ್ನು ಏನು ಮಾಡಬೇಕೆಂದು ತಿಳಿಯದೆ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ನೀವು ನಂಬಲೇಬೇಕೆಂದು ಹಟವಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಜಿಲ್ಲೆಯಲ್ಲಿ ಪಾನನಿರೋಧವಿತ್ತು. ಕಳ್ಳು ಇಳಿಸುವುದು ಅಪರಾಧ. ಬಂಟ್ವಾಳದಲ್ಲಿ ಹೊಳೆಯ ಹತ್ತಿರದ ಒಂದು ಹೊರಠಾಣೆಯಲ್ಲಿ ನಾನು ಪೇದೆಯಾಗಿದ್ದೆ. ಕಳ್ಳಿನ ಮಡಕೆ ಒಡೆಯುವುದು, ಇಳಿಸಿದವರನ್ನು ಹಿಡಿದು ತರುವುದು ನನ್ನ ಕೆಲಸ. ಅಜ್ಜಂದಿರ ಕಾಲದಿಂದ ಕಳ್ಳು ಇಳಿಸುತ್ತ ಮರವನ್ನೇ ನಂಬಿದ್ದ ಮೂರ್ತೆದಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆಂದು ಗೊತ್ತಿತ್ತು. ಆದರೂ ಖಾಕಿ ಹಾಕಿದ ಹೊಸತು, ಅದೊಂದು ಹುರುಪು.

ಠಾಣೆಯ ಜಗಲಿಯಲ್ಲಿ ನಿಂತರೆ ಗದ್ದೆಯ ಆಚೆ ಒಂದು ಒಂಟಿ ತೆಂಗಿನಮರ ಕಾಣುತ್ತಿತ್ತು. ದೂಮ ಎಂಬ ಮುದಿ ಮೂರ್ತೆದಾರ ದಿನಾ ಮುಸ್ಸಂಜೆ ಅದನ್ನು ಹತ್ತುತ್ತಾನೆಂದು ಸುಳಿವು ಸಿಕ್ಕಿತು. ಆಗ ಅವನನ್ನು ದೂಮ ಎಂದೇ ಕರೆಯುತ್ತಿದ್ದೆ. ಈಗ ದೂಮಣ್ಣ ಎನ್ನದೆ ನಾಲಿಗೆ ಏಳುವುದಿಲ್ಲ.

ಒಂದು ಸಂಜೆ ಪೊದೆಯಲ್ಲಿ ಕಾದು ಕುಳಿತು, ಮರಕ್ಕೆ ಕಾಲಿಡುವಾಗಲೇ ಅವನನ್ನು ಹಿಡಿದೆ. ಎಷ್ಟು ಹುಡುಕಿದರೂ ಮಡಕೆ ಸಿಗಲಿಲ್ಲ. ಸೊಂಟದಲ್ಲಿ ಕತ್ತಿಯೂ ಇರಲಿಲ್ಲ. ಇದ್ದದ್ದು ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗ ಮತ್ತು ಒಂದು ಎಲುಬಿನ ತುಂಡು. ಕಳ್ಳು ಒಸರಲೆಂದು ಹೊಂಬಾಳೆಯನ್ನು ಮೆಲ್ಲಗೆ ಬಡಿಯುವುದು ಆ ಎಲುಬಿನಿಂದಲೇ.

“ಮಡಕೆ ಎಲ್ಲಿ ಅಡಗಿಸಿಟ್ಟಿದ್ದಿ?” ಎಂದು ಗದರಿದೆ.

“ಮಡಕೆ ಇಲ್ಲ ಸ್ವಾಮಿ. ನಾನು ಬಡಿಯಲಿಕ್ಕೆ ಮಾತ್ರ ಹತ್ತುವುದು.”

ಠಾಣೆಗೆ ತಂದು ಕೂರಿಸಿದೆ. ಹೊತ್ತು ಇಳಿಯುತ್ತಿದ್ದ ಹಾಗೆ ಅವನ ಚಡಪಡಿಕೆ ಹೆಚ್ಚಿತು. ಕೊನೆಗೆ ದನಿ ತಗ್ಗಿಸಿ ಹೇಳಿದ:

“ಇಲ್ಲಿಂದ ಪುತ್ತಿಗೆವರೆಗೆ, ಆಚೆ ಕೊಕ್ಕಡದವರೆಗೆ ನಮ್ಮವರು ಉಂಟು. ಬಡಿದದ್ದು ಕೇಳುವಷ್ಟು ದೂರಕ್ಕೆ ಒಬ್ಬೊಬ್ಬ. ಹೆಂಡತಿ ಮಕ್ಕಳಿಗೂ ಹೇಳಲಿಕ್ಕಿಲ್ಲ ಅಂತ ಆಣೆ ಉಂಟು. ಮುಸ್ಸಂಜೆಗೆ ಒಬ್ಬ ಬಡಿದರೆ ಮುಂದಿನ ಮರದವ ಬಡಿಯಬೇಕು. ಆ ಸದ್ದು ಕಡಿಯದೆ ಇದ್ದರೆ ಅವು ಕೆಳಗೆ ಇಳಿಯುವುದಿಲ್ಲ. ನಡುವೆ ಒಂದು ಮರ ತಪ್ಪಿದರೂ ಇಳಿಯುತ್ತವೆ.”

“ಯಾವುವು?”

“ರೆಕ್ಕೆ ಉಂಟು, ಹಕ್ಕಿ ಅಲ್ಲ. ನಾಲ್ಕು ಕಾಲು. ಮನುಷ್ಯರನ್ನು ಎತ್ತಿಕೊಂಡು ಹೋಗ್ತವೆ. ಮೊದಲು ಊರವರೆಲ್ಲ ಕಳ್ಳಿಗೆ ಹತ್ತುವಾಗ ನಮ್ಮನ್ನು ಯಾರೂ ಕೇಳ್ತಿರಲಿಲ್ಲ. ಈಗ ಮರ ಮುಟ್ಟಿದರೆ ನೀವು ಹಿಡಿಯುತ್ತೀರಿ. ಇವತ್ತು ಒಂದು ಹೊತ್ತು ಬಿಡಿ ಸ್ವಾಮಿ. ಬಡಿದು ಬಂದು ಇಲ್ಲೇ ಕೂತುಕೊಳ್ತೇನೆ.”

“ಒಳ್ಳೆ ಕತೆ ಮಾರಾಯ!” ಎಂದು ನಕ್ಕು ಬಾಗಿಲಿಗೆ ಬೀಗ ಹಾಕಿದೆ.

ಸೂರ್ಯ ಮುಳುಗಿದ. ಗುಡ್ಡದ ಕಡೆಯಿಂದ ಟಕ್ ಟಕ್ ಎಂದು ಕೇಳಿಸಿತು. ದಿನಾ ಇದ್ದ ಸದ್ದೇ. ನಾನು ಕಿವಿಗೊಟ್ಟದ್ದು ಮಾತ್ರ ಅಂದೇ ಮೊದಲು. ಎರಡು ಸಲ ಬಡಿದು ನಿಂತಿತು. ಉತ್ತರಕ್ಕೆ ಕಾಯುವ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿಯಿತು, ಅವಸರದಲ್ಲಿ. ಆಮೇಲೆ ಸುಮ್ಮನಾಯಿತು.

“ಅದು ತುಕ್ರ, ನನ್ನ ತಂಗಿಯ ಗಂಡ,” ಎಂದ ದೂಮಣ್ಣ ಕಿಟಕಿಯ ಸರಳು ಹಿಡಿದು. “ನನ್ನ ಮರಕ್ಕೆ ಓಡಿ ಬರ್ತಾನೆ ಈಗ.”

ಅವನು ಹೇಳಿದಂತೆಯೇ ಆಯಿತು. ಗದ್ದೆಯ ಬದುವಿನ ಮೇಲೆ ಒಬ್ಬ ಓಡಿ ಬಂದು ಆ ಒಂಟಿ ಮರ ಹತ್ತಿದ. ಇನ್ನೂ ಆಳು ಕಾಣುವಷ್ಟು ಬೆಳಕಿತ್ತು. ಅವನೂ ಸಿಕ್ಕಿಬಿದ್ದ ಎಂದು ನಾನು ಖುಷಿಯಾಗಿ ಲಾಠಿ ಎತ್ತಿಕೊಂಡೆ. ತುಕ್ರ ಹೊಂಬಾಳೆಯನ್ನು ನಾಲ್ಕೈದು ಸಲ ಬಡಿದಿರಬೇಕು.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಗಾಳಿ ಬೀಸಿತು. ಅಡ್ಡಲಾಗಿ ಅಲ್ಲ, ಮೇಲಿನಿಂದ ಕೆಳಕ್ಕೆ. ಜಗಲಿಯ ಲಾಟೀನು ಆರಿತು. ಮರದ ಗರಿಗಳೆಲ್ಲ ಕೆಳಮುಖವಾಗಿ ಕಾಂಡಕ್ಕೆ ಒತ್ತಿಕೊಂಡವು. ಒದ್ದೆ ಚಾಪೆಗಳನ್ನು ಒಟ್ಟಿಗೆ ಕೊಡವಿದಂಥ ಸದ್ದು. ಗದ್ದೆಯ ಮೇಲೊಂದು ಕಪ್ಪು ಬಿತ್ತು, ಸರಿದು ಹೋಯಿತು. ಗರಿಗಳು ಮತ್ತೆ ಎದ್ದಾಗ ಮರದ ಮೇಲೆ ಯಾರೂ ಇರಲಿಲ್ಲ.

ಬೀಗ ಯಾವಾಗ ತೆಗೆದೆನೋ ನೆನಪಿಲ್ಲ. ದೂಮಣ್ಣ ನನ್ನ ಮುಂದೆ ಓಡುತ್ತಿದ್ದ. ಮರದ ಬುಡದಲ್ಲಿ ಯಾರೂ ಬಿದ್ದಿರಲಿಲ್ಲ. ಹುಲ್ಲು ಕೂಡ ನಲುಗಿರಲಿಲ್ಲ. ಅವನು ಏನೂ ಕೇಳದೆ ಸರಸರನೆ ಹತ್ತಿದ. ಕೂಗುತ್ತಾನೆ, ಅಳುತ್ತಾನೆ ಎಂದುಕೊಂಡೆ. ಕೇಳಿಸಿದ್ದು ಟಕ್ ಟಕ್. ದೂರದ ಇನ್ನೊಂದು ಮರದಿಂದ ಉತ್ತರ ಬರುವವರೆಗೆ ಬಡಿದ, ಪೂರ್ತಿ ಕತ್ತಲಾಗುವವರೆಗೆ ಬಡಿದ. ಆಮೇಲೆ ಇಳಿದ. ಕೈಯಲ್ಲಿ ತುಕ್ರನ ಕಾಲಿನ ಹಗ್ಗ ಮತ್ತು ಮುಟ್ಟಾಳೆಯಿತ್ತು. ಅಡಿಕೆ ಹಾಳೆಯ ಆ ಟೋಪಿಯನ್ನು ಎದೆಗೆ ಒತ್ತಿ ಹಿಡಿದು, ಬದುವಿನ ಮೇಲೆ ಕುಸಿದು ಅತ್ತ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇಲಿನವರಿಗೆ ಏನಾದರೂ ಬರೆದು ಕೊಡಲೇಬೇಕಿತ್ತು. ಹಿಡಿದವನನ್ನು ಬಿಟ್ಟದ್ದು ಯಾಕೆ, ಹತ್ತಿದವನು ಎಲ್ಲಿ? ಕಂಡದ್ದನ್ನು ಬರೆದರೆ ಹುಚ್ಚನೆನ್ನುತ್ತಾರೆ. ದೂಮನ ಬಳಿ ಮಡಕೆ ಸಿಗಲಿಲ್ಲ, ತುಕ್ರ ಎಂಬವನು ಪೇದೆಯನ್ನು ಕಂಡು ಮರದಿಂದ ಇಳಿದು ಪರಾರಿಯಾದ ಎಂದು ಬರೆದೆ.

ಮೂರನೇ ದಿನ ತುಕ್ರನ ಹೆಂಡತಿ ಕಮಲ ಠಾಣೆಗೆ ಬಂದಳು. ಅವಳ ಹಿಂದೆ ದೂಮಣ್ಣ ತಲೆ ತಗ್ಗಿಸಿ ನಿಂತಿದ್ದ. ಆಣೆಯಿದ್ದುದರಿಂದ ಒಡಹುಟ್ಟಿದವಳಿಗೂ ಅವನು ಬಾಯಿಬಿಟ್ಟಿರಲಿಲ್ಲ.

“ನೀವು ನೋಡಿದ್ದಲ್ಲವಾ ಸ್ವಾಮಿ? ನಮ್ಮವರು ಯಾವ ಕಡೆಗೆ ಹೋದರು?” ಎಂದು ಕೇಳಿದಳು.

ನಾನು ಮೂಡುಬಿದಿರೆ ರಸ್ತೆಯ ಕಡೆಗೆ ಕೈ ತೋರಿಸಿದೆ.

ಆಮೇಲೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಅಷ್ಟರೊಳಗೆ ಹೊಳೆಬದಿ, ಗುಡ್ಡ, ಬಾವಿ ಎಲ್ಲ ಹುಡುಕಿ ಮುಗಿಸಿದ್ದೆ. ಆ ಮಬ್ಬಿನಲ್ಲಿ ತುಕ್ರ ನನಗೆ ಕಾಣದ ಹಾಗೆ ಇಳಿದು ಓಡಿರಬಹುದೇ? ನಾನು ಬರೆದ ಸುಳ್ಳೇ ನಿಜವಾಗಿರಲಿ ಎಂದು ಎಷ್ಟೋ ಸಲ ಹಾರೈಸಿದ್ದೇನೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಪಾನನಿರೋಧ ಸಡಿಲವಾಯಿತು. ಈಗ ಸಂಜೆಯಾದರೆ ಎಲ್ಲೆಡೆ ಹೊಂಬಾಳೆ ಬಡಿಯುವ ಸದ್ದು. ಯಾವುದು ಕಳ್ಳಿಗೆ, ಯಾವುದು ಅದಕ್ಕೆ ಎಂದು ತಿಳಿಯುವುದಿಲ್ಲ. ಒಂದು ಕಡೆ ಆ ಸದ್ದು ನಿಂತರೂ ನಾನು ಆಕಾಶ ನೋಡುತ್ತೇನೆ.

ಹೋದ ವರ್ಷ ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಮಲ ಎದುರಾದಳು. ಕೂದಲು ನೆರೆತಿತ್ತು, ಕೊರಳಲ್ಲಿ ಕರಿಮಣಿ ಹಾಗೇ ಇತ್ತು. ಮೂಡುಬಿದಿರೆಯ ಬಸ್ಸು ಬಂದಾಗಲೆಲ್ಲ ಬಂದು ನೋಡುತ್ತಾಳಂತೆ. ಗುರುತು ಹಿಡಿದು ಮತ್ತೆ ಅದನ್ನೇ ಕೇಳಿದಳು: “ಯಾವ ಕಡೆಗೆ ಹೋದರು ಸ್ವಾಮಿ? ಸರಿಯಾಗಿ ನೆನಪು ಮಾಡಿ ಹೇಳಿ.”

ಕೈ ಎತ್ತಿ ಆಕಾಶವನ್ನು ತೋರಿಸಬೇಕೆಂದುಕೊಂಡೆ. ಕೈ ಎತ್ತಿಯೂ ಎತ್ತಿದೆ. ಅದು ಮೂಡುಬಿದಿರೆ ರಸ್ತೆಯ ಕಡೆಗೇ ತಿರುಗಿತು.