ಬಿಚ್ಚಿ ನೋಡದೆ ಸತ್ತಿದೆ ಅನ್ನಬೇಡಿ

ಕಳೆದ ಸೋಮವಾರ ಬೆಳಗ್ಗೆ ಚಹಾ ಕುಡಿದು ಒಂದು ಬರಹದ ಎರಡನೇ ಪ್ಯಾರಾ ಶುರು ಮಾಡಿದ್ದೆ. ಲ್ಯಾಪ್‌ಟಾಪಿನ ಪರದೆ ಎರಡು ಸಲ ಮಿಣುಕಿತು. ಆಮೇಲೆ ಕಪ್ಪು. ಪೂರ್ತಿ ಕಪ್ಪು.

ಒಳಗೆ ಫ್ಯಾನು ತಿರುಗುತ್ತಲೇ ಇತ್ತು. ಕೀಲಿ ಒತ್ತಿದರೆ ಸಣ್ಣ ದೀಪ ಹತ್ತುತ್ತಿತ್ತು. ಜೀವ ಇದೆ, ಮುಖ ಮಾತ್ರ ತೋರಿಸುತ್ತಿಲ್ಲ. (ನನ್ನ ಕೆಲವು ಬಂಧುಗಳೂ ಹೀಗೇ.)

ಈ ಲ್ಯಾಪ್‌ಟಾಪಿಗೆ ಹತ್ತು ವರ್ಷ ದಾಟಿದೆ. ಬೈಲಹೊಂಗಲದ ನಮ್ಮ ಮನೆಗೆ ನನ್ನದೇ ಅಂತ ಬಂದ ಮೊದಲ ಯಂತ್ರ ಇದು. ಫ್ರಿಜ್, ವಾಷಿಂಗ್ ಮಷೀನ್ ನಾನೇ ನಡೆಸಿದರೂ ಅವು 'ಮನೆಯವು'. ನಲವತ್ತು ದಾಟಿದ ಮೇಲೆ ನಾನು ಬರೆಯಲು ಕೂತಾಗ ನಮ್ಮ ಅತ್ತೆಯವರು, "ಈ ವಯಸ್ಸಿನ್ಯಾಗ ಇದೇನ ಹೊಸಾ ಚಟ?" ಎಂದಿದ್ದರು. ಆ ಚಟ ಬೆಳೆದದ್ದು ಇದರ ಮೇಲೇ. ಇಷ್ಟು ವರ್ಷ ನೀವು ಓದಿದ ನನ್ನ ಬರಹವೆಲ್ಲ ಇದರೊಳಗಿದೆ. ಯಾರಿಗೂ ತೋರಿಸದೆ ಬಚ್ಚಿಟ್ಟದ್ದೂ ಇದೆ. ಬೇರೆಲ್ಲೂ ನಕಲು ಇಟ್ಟಿರಲಿಲ್ಲ. (ಬೈಯಬೇಡಿ. ಗಂಡ ಆಗಲೇ ಬೈದಾಗಿದೆ.)

ಅಂದೇ ಬೆಳಗಾವಿಯ ದೊಡ್ಡ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದೆ. ಟೈ ಕಟ್ಟಿದವರೊಬ್ಬರು ಅದನ್ನು ಮಗುಚಿ, ಬೆನ್ನಿನ ಸ್ಟಿಕರ್ ಓದಿದರು.

"ಮೇಡಂ, ಇದರ ಲೈಫ್ ಮುಗದೈತ್ರಿ. ಎಕ್ಸ್‌ಚೇಂಜಿಗೆ ಹಾಕಿಬಿಡ್ರಿ."

"ಒಂದ್ಸಲ ಬಿಚ್ಚಿ ನೋಡ್ರಿ."

"ಬಿಚ್ಚಿ ನೋಡೂದೇನೈತ್ರಿ ಅದರಾಗ? ಹಳೇದಾಗೇತಿ."

ಹಳೆಯದಾಗಿದೆ! ತಪಾಸಣೆಯೂ ಅದೇ, ತೀರ್ಪೂ ಅದೇ. ಅಲ್ಲ, ರೋಗಿಯ ವಯಸ್ಸು ಕೇಳಿ ಎದ್ದು ಹೋಗುವ ಡಾಕ್ಟರನ್ನು ನೀವು ಸುಮ್ಮನೆ ಬಿಡುತ್ತೀರಾ? ಹೋದ ವರ್ಷ ನನ್ನ ಕಣ್ಣಿಗೆ ಪೊರೆ ಬಂದಾಗ ಯಾರೂ ನನ್ನನ್ನು ಎಕ್ಸ್‌ಚೇಂಜಿಗೆ ಹಾಕಲಿಲ್ಲ. (ಗಂಡ ವಿಚಾರ ಮಾಡಿದ್ದರೆ ಗೊತ್ತಿಲ್ಲ.)

ಆ ಗಂಡ, ಶ್ರೀಪಾದ, ಸಂಜೆ ಆಫೀಸಿನಿಂದ ಬಂದವರೇ ಕೇಳಿದರು. "ಹೊಸಾದು ತೊಗೊ. ಹಟಾ ಯಾಕ?"

"ಸತ್ತದ ಅಂತ ಖಾತ್ರಿ ಆದಮ್ಯಾಲೆ ತೊಗೋತೀನಿ. ಇನ್ನೂ ಯಾರೂ ನೋಡೇ ಇಲ್ಲ."

ಯರಗಟ್ಟಿಯಲ್ಲೊಬ್ಬಾಕೆ ಟಿವಿ, ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾಳೆ ಎಂದು ಪಕ್ಕದ ಮನೆಯವರು ಹೇಳಿದರು. ಮರುದಿನ ಬಸ್ ಹತ್ತಿದೆ. ಲ್ಯಾಪ್‌ಟಾಪ್ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ ಕೂತಿತ್ತು.

ಇಬ್ಬರು ಕೂತರೆ ತುಂಬಿ ಹೋಗುವಂಥ ಅಂಗಡಿ. ಮೇಜಿನ ಹಿಂದೆ ಗಿರಿಜಾ, ಸುಮಾರು ನಲವತ್ತರ ಹೆಣ್ಣುಮಗಳು. ಪಕ್ಕದ ಕುರ್ಚಿಯಲ್ಲಿ ಗಂಡ ಬಸವರಾಜ. ಅಂಗಡಿ ಅವರದೇ. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಬಸವರಾಜರ ಬಲಗೈ ಸ್ವಾಧೀನ ತಪ್ಪಿತು. ಅಂಗಡಿ ಮಾರಿಬಿಡಿ ಎಂದು ಊರೆಲ್ಲ ಹೇಳಿತಂತೆ. ಗಿರಿಜಾ ಮಾರಲಿಲ್ಲ. ಗಂಡ ಬಾಯಿಯಿಂದ ಹೇಳಿದರು, ಈಕೆ ಕೈಯಿಂದ ಕಲಿತರು.

ನಾನು ಕೂತಿದ್ದಾಗಲೇ ಒಬ್ಬಾತ ಮಿಕ್ಸರ್ ತಂದ.

"ಯಾರ ಮಾಡ್ತಾರ್ರೀ ರಿಪೇರಿ?"

"ನಾನ ಮಾಡ್ತೇನ್ರಿ."

"ನಿಮ್ಮವ್ರು ಮಾಡೂದಿಲ್ಲೇನು?"

ಗಿರಿಜಾ ತಲೆ ಎತ್ತಲಿಲ್ಲ. "ಇಡೂದಿದ್ರ ಇಡ್ರಿ. ಒಯ್ಯೂದಿದ್ರ ಒಯ್ರಿ."

ಆತ ಬಸವರಾಜರ ಮುಖ ನೋಡಿದ. ಅವರು ಹೆಂಡತಿಯ ಕಡೆ ಎಡಗೈ ತೋರಿಸಿದರು. ಆತ ಮಿಕ್ಸರ್ ಇಟ್ಟು ಹೋದ.

ನನ್ನ ಸರದಿ. ಗಿರಿಜಾ ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ ಅಂಗಡಿಯ ಟಿವಿಗೆ ಜೋಡಿಸಿದರು. ಟಿವಿಯ ಮೇಲೆ ನನ್ನ ಅರ್ಧಕ್ಕೆ ನಿಂತ ಎರಡನೇ ಪ್ಯಾರಾ!

"ಒಳಗ ಎಲ್ಲಾ ಐತ್ರಿ ಅಕ್ಕಾರ. ಪರದೆಗೆ ಹೋಗೂ ವೈರ್ ಹೋಗಿರಬೇಕು, ಇಲ್ಲಾ ಪರದೇನ ಹೋಗಿರಬೇಕು. ಮೊದಲ ನಿಮ್ಮ ಬರಹ ಪೆನ್‌ಡ್ರೈವಿಗೆ ತಗೋರಿ. ಬಿಚ್ಚೂ ಮುಂದ ಪೂರ್ತಿ ಹೋದ್ರೂ ಹೋಗಬಹುದು. ನೀವು ಹೂಂ ಅಂದ್ರ ಕೈ ಹಚ್ತೇನಿ."

ನಕಲಿಳಿಸಲು ಒಂದು ತಾಸು ಹಿಡಿಯಿತು. ಈಗ ಬರಹ ಸುರಕ್ಷಿತ. ಹೊಸದು ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಧನ್ಯವಾದ ಹೇಳಿ ಎದ್ದು ಬರಬಹುದಿತ್ತು.

"ಹಚ್ರಿ ಕೈ," ಎಂದೆ.

ಸ್ಕ್ರೂ ಒಂದೊಂದೇ ಹೊರಬಂದವು. "ಸಾವಕಾಶ, ಎಡಕಿಂದು ಬಿಗಿ ಇರ್ತೈತಿ," ಎಂದರು ಬಸವರಾಜ. "ಗೊತ್ತೈತ್ರಿ, ಸುಮ್ನ ಕೂಡ್ರಿ," ಎಂದರು ಗಿರಿಜಾ. ಗಂಡ ಸುಮ್ಮನೆ ಕೂಡಲಿಲ್ಲ. ಮುಚ್ಚಳ ಮಡಚುವ ಜಾಗದಲ್ಲಿ ತೆಳ್ಳನೆಯ ವೈರ್ ಜಜ್ಜಿ ಹೋಗಿತ್ತು. ಗುಜರಿಗೆ ಬಂದಿದ್ದ ಅಂಥದೇ ಲ್ಯಾಪ್‌ಟಾಪಿನ ವೈರ್ ಗಿರಿಜಾ ಹುಡುಕಿ ತೆಗೆದರು. ಜೋಡಿಸಿದರು. ಆನ್ ಮಾಡಿದರು.

ಕಪ್ಪು.

ಗಿರಿಜಾ ಮತ್ತೆ ಬಿಚ್ಚಿದರು. ವೈರಿನ ತುದಿ ಒರೆಸಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು.

ಬೆಳಕು ಬಂತು. ನನ್ನ ಕಣ್ಣಲ್ಲಿ ನೀರೂ ಬಂತು. ಒಂದು ಯಂತ್ರಕ್ಕಾಗಿ ಅಳುವುದಾ ಅಂತ ನಮ್ಮ ಅತ್ತೆಯವರು ಕೇಳಿಯಾರು. ಹೌದು, ಅತ್ತೆ. ಏನೀಗ?

ಪರದೆಯ ಎಡಕ್ಕೆ ಮೇಲಿಂದ ಕೆಳಗಿನವರೆಗೆ ಹಸಿರು ಗೆರೆಯೊಂದು ನಿಂತುಬಿಟ್ಟಿತ್ತು. "ಅದು ಹೋಗೂದಿಲ್ರಿ," ಎಂದರು ಗಿರಿಜಾ. "ವರ್ಷ ಬಾಳಬಹುದು, ತಿಂಗಳ ಬಾಳಬಹುದು. ಸುಳ್ಳ ಹೇಳೂದಿಲ್ಲ."

ಇಂಥ ಮಾತಿಗಾಗಿಯೇ ನಾನು ಬಸ್ ಹತ್ತಿದ್ದು. ಹೊಸದನ್ನು ಕೊಳ್ಳಲೇಬಾರದು ಅಂತ ನನ್ನ ವಾದವಲ್ಲ. ಇದೂ ಒಂದು ದಿನ ಹೋಗುತ್ತದೆ, ಆಗ ಕೊಳ್ಳುತ್ತೇನೆ. ಆದರೆ ಆ ದಿನವನ್ನು ಗೊತ್ತು ಮಾಡಲು ಸ್ಟಿಕರ್ ಓದುವವರು ಯಾರು? ನಮ್ಮ ವಸ್ತು, ನಮ್ಮ ಬೆರಳಿಗೆ ಒಗ್ಗಿದ್ದು. ಬಿಚ್ಚಿ ನೋಡಿ, ರಿಪೇರಿ ಮಾಡಿಸಿಕೊಂಡು, ಸತ್ತಿದೆಯೋ ಇಲ್ಲವೋ ಆಮೇಲೆ ನಾವೇ ಹೇಳುತ್ತೇವೆ.

ಈ ಬರಹವನ್ನು ಅದರಲ್ಲೇ ಟೈಪ್ ಮಾಡಿದ್ದೇನೆ. ಮೊದಲ ಸಾಲಿನಿಂದ ಇಲ್ಲಿಯವರೆಗೂ ಆ ಹಸಿರು ಗೆರೆ ಎದುರಿಗೇ ಇತ್ತು.

ಓದುವಾಗ ನಿಮಗೇನಾದರೂ ಕಂಡಿತಾ?