ಮೊಳೆಯಲ್ಲಿ ಉಳಿದ ಬೀಗದಕೈ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಸ್ಟ್ಯಾಂಡಮ್ಮನ ಮೇಲೆ ಬಂದಷ್ಟು ಕೋಪ ಇನ್ಯಾರ ಮೇಲೂ ಬಂದದ್ದಿಲ್ಲ. ಇವತ್ತು ಅವರ ಬಗ್ಗೆ ಬರೆಯಲು ಕುಳಿತಿರುವುದೂ ಅದಕ್ಕೇ.

ಸ್ಟ್ಯಾಂಡಮ್ಮ ನಮ್ಮ ಬೀದಿಯ ಕೊನೆಯ ಮನೆಯವರು. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡ್ ನೋಡಿಕೊಂಡು, ಕೆಲಸ ಬಿಟ್ಟ ಮೇಲೂ ಆ ಹೆಸರನ್ನು ಬಿಡಿಸಿಕೊಳ್ಳಲಾಗದವರು. ಕೊನೆಯ ಸೈಕಲ್ ಹೋಗುವ ತನಕ ಗೇಟು ಹಾಕುತ್ತಿರಲಿಲ್ಲವಂತೆ. ಒಂದು ಸೈಕಲ್ ಉಳಿದಿದೆ ಅಂದರೆ ಒಬ್ಬ ಮನುಷ್ಯ ಇನ್ನೂ ಮನೆ ಸೇರಿಲ್ಲ ಎಂದು ಅವರ ಲೆಕ್ಕ.

ಬೆಂಕಿ ಬಿದ್ದು ಮನೆ ಕಳೆದುಕೊಂಡ ದರ್ಜಿಯ ಸಂಸಾರಕ್ಕೆ ಒಂದು ಮನೆ ಕಟ್ಟಿಕೊಡೋಣ ಎಂದು ಬೀದಿಯವರೆಲ್ಲ ಸೇರಿ ಭಾನುವಾರಗಳಂದು ದುಡಿಯತೊಡಗಿದೆವು. ಕೆಲಸ ಬಲ್ಲವನು ಮೇಸ್ತ್ರಿ ಒಬ್ಬನೇ. ಮಿಕ್ಕವರೆಲ್ಲ ಟೀಚರ್, ಪೋಸ್ಟ್‌ಮ್ಯಾನ್, ಬಟ್ಟೆ ಅಂಗಡಿಯ ನನ್ನಂಥವರು. ಗುದ್ದಲಿ ಹಿಡಿದರೆ ಗುದ್ದಲಿಗೇ ನಗು ಬರಬೇಕು. ಸ್ಟ್ಯಾಂಡಮ್ಮನಿಗೆ ಮಂಡಿನೋವು, ಭಾರ ಎತ್ತುವಂತಿಲ್ಲ. ಅವರು ಕೆಲಸದ ಜಾಗದ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆಸಿದರು. ಒಳಗೆ ಬರುವವರು ತಮ್ಮ ಮನೆಯ ಬೀಗದಕೈಯನ್ನು ಮೊಳೆಗೆ ತೂಗುಹಾಕಿ ಹೆಲ್ಮೆಟ್ ತೆಗೆದುಕೊಳ್ಳಬೇಕು. ಹೋಗುವಾಗ ಹೆಲ್ಮೆಟ್ ಕೊಟ್ಟು ಬೀಗದಕೈ ಒಯ್ಯಬೇಕು.

"ಹೆಸರು ಬರ್ಕೊಂಡ್ರೆ ಸಾಕಲ್ವಾ?" ಎಂದು ಟೀಚರ್ ಕೇಳಿದರು.

"ಹೆಸರು ಬಿಟ್ಟು ಯಾರು ಬೇಕಾದ್ರೂ ಹೋಗ್ಬಹುದು. ಕೀ ಬಿಟ್ಟು ಹೋದವರು ಮನೆ ಬಾಗಿಲ ಹತ್ರ ನಿಂತು ವಾಪಸ್ ಇಲ್ಲಿಗೆ ಬರ್ಲೇಬೇಕು" ಎಂದರು ಸ್ಟ್ಯಾಂಡಮ್ಮ.

ಎಡವಟ್ಟಾದದ್ದು ನಮ್ಮಿಬ್ಬರದು. ನನ್ನ ಗಂಡನಿಗೂ ನನಗೂ ಇದ್ದದ್ದು ಒಂದೇ ಬೀಗದಕೈ. ಎಲ್ಲಿಗೇ ಹೋಗಿ ಬರಲಿ, ನಾನು ದಡದಡ ಮುಂದೆ ಹೋಗಿ ಬಾಗಿಲು ತೆಗೆಯುವುದು, ಅವರು ನಿಧಾನವಾಗಿ ಹಿಂದೆ ಬರುವುದು, ಮದುವೆಯಾದಾಗಿನಿಂದ ಹೀಗೇ. ಮೊದಲ ದಿನವೇ ಸ್ಟ್ಯಾಂಡಮ್ಮ ತಡೆದರು.

"ಕೀ ಒಂದು, ಜನ ಇಬ್ಬರು. ಹೋಗಿ ಇನ್ನೊಂದು ಮಾಡಿಸ್ಕೊಂಡು ಬಾ."

"ನಾವು ಗಂಡ ಹೆಂಡ್ತಿ ಕಣಮ್ಮ."

"ಗಂಡ ಹೆಂಡ್ತಿ ಆದ್ರೆ ತಲೆ ಒಂದಾಗುತ್ತಾ?"

ಮುಖ ಗಂಟು ಹಾಕಿಕೊಂಡು ಪೇಟೆಗೆ ಹೋಗಿ ಮಾಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವರಿಗೆ ಮಂಗಳಾರತಿ ಮಾಡಿದ್ದೇ ಮಾಡಿದ್ದು.

ಏಳನೆಯ ಭಾನುವಾರ ಕಟ್ಟುತ್ತಿದ್ದ ಮನೆಯ ಹಿತ್ತಿಲಲ್ಲಿ ಇಂಗುಗುಂಡಿ ತೋಡುವ ಕೆಲಸ ನಮ್ಮ ಪಾಲಿಗೆ ಬಂತು. ನನ್ನ ಗಂಡ ಎದೆಮಟ್ಟದ ಗುಂಡಿಯೊಳಗೆ ಅಗೆಯುವುದು, ನಾನು ಮೇಲೆ ನಿಂತು ಬುಟ್ಟಿಯಲ್ಲಿ ಮಣ್ಣು ಎಳೆದು ಸುರಿಯುವುದು. ಬೆಳಿಗ್ಗೆಯೇ ಸ್ಟ್ಯಾಂಡಮ್ಮ ಕುಂಟುತ್ತ ಬಂದು ನೋಡಿ, "ಮಣ್ಣನ್ನ ಅಂಚಿಗೆ ಹಾಕ್ಬೇಡ, ನಾಲ್ಕು ಹೆಜ್ಜೆ ಆಚೆ ಹಾಕು. ಅವನು ಒಳಗಿರೋ ತನಕ ನೀನು ಜಾಗ ಬಿಟ್ಟು ಕದಲ್ಬೇಡ" ಎಂದಿದ್ದರು. ಹೂಂ ಅಂದೆ. ಹತ್ತು ಬುಟ್ಟಿಯ ತನಕ ನಾಲ್ಕು ಹೆಜ್ಜೆ ನಡೆದೆ. ಸೊಂಟ ಹಿಡಿಯಿತು. ಆಮೇಲೆ ನಿಂತಲ್ಲೇ ಸುರಿದೆ.

ಗುಂಡಿ ಆಳೆತ್ತರವಾಗುವ ಹೊತ್ತಿಗೆ ಕೆಳಗಿನಿಂದ ಅವರು, "ತಲೆ ಮೇಲೆ ಮಣ್ಣು ಉದುರ್ತಿದೆ, ಸ್ವಲ್ಪ ಆಚೆ ಹಾಕೇ" ಎಂದರು. ನನಗೆ ರೇಗಿತು.

"ಅಷ್ಟು ಕಷ್ಟ ಆದ್ರೆ ನೀವೇ ಮೇಲೆ ಬಂದು ಹೊತ್ತು ಹಾಕಿ" ಎಂದು ಬುಟ್ಟಿ ಎಸೆದು, ಮನೆಯ ಮುಂಭಾಗಕ್ಕೆ ಹೋಗಿ ಕರಣೆ ಬಾಂಡ್ಲಿ ತೊಳೆಯುತ್ತ ಕುಳಿತೆ. ಅಲ್ಲಿ ಕಾಂಕ್ರೀಟ್ ಮಿಕ್ಸರ್ ಗಡಗಡ ಅನ್ನುತ್ತಿತ್ತು.

ಐದಕ್ಕೆ ಮಿಕ್ಸರ್ ನಿಂತಿತು. ಹೆಲ್ಮೆಟ್ ಕೊಟ್ಟು ಬೀಗದಕೈ ತೆಗೆದುಕೊಂಡೆ. ಗೇಟಿಗೆ ಸ್ಟ್ಯಾಂಡಮ್ಮನ ಊರುಗೋಲು ಅಡ್ಡ ಬಂತು.

"ನಿನ್ನ ಗಂಡನ ಕೀ ಇಲ್ಲೇ ಇದೆ."

"ಮುನಿಸ್ಕೊಂಡು ಹಿಂದಿನ ಬೇಲಿ ದಾಟಿ ಹೋಗಿರ್ತಾರೆ ಬಿಡಿ. ಬಾಗಿಲು ತೆಗೆಯೋಕೆ ನಾನಿದೀನಲ್ಲ."

"ಅದಕ್ಕೇ ಕಣೇ ನನಗೆ ಭಯ. ನೀನಿದೀಯ ಅಂತ ಅವನನ್ನ ಯಾರೂ ಹುಡುಕಲ್ಲ" ಎಂದರು ಅವರು. "ಯಾರೂ ಹೊರಗೆ ಹೋಗ್ಬೇಡಿ. ಕೊನೆಗೆ ಅವನನ್ನ ನೋಡಿದ್ದು ಯಾರು?"

ನಾನೇ.

ಹಿತ್ತಿಲಿಗೆ ಓಡಿದೆ. ನಾನು ಸುರಿದ ಗುಡ್ಡೆ ಅರ್ಧ ಇರಲಿಲ್ಲ. ಅಂಚಿನ ಸಮೇತ ಒಳಗೆ ಜರಿದಿತ್ತು. ಕೆಳಗೆ ಅವರ ಹೆಲ್ಮೆಟ್ಟು, ಮಣ್ಣು ಮೆತ್ತಿದ ಮುಖ, ಒಂದು ಕೈ. ಎದೆಯ ತನಕ ಹೂತುಹೋಗಿದ್ದರು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಜೀವವಿತ್ತು. ನಾನು ಧುಮುಕಲು ಹೋದೆ. ಹಿಂದಿನಿಂದ ಬಂದ ಸ್ಟ್ಯಾಂಡಮ್ಮ ನನ್ನ ಜಡೆ ಹಿಡಿದು ಎಳೆದರು. ಮಂಡಿನೋವಿನ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ ಕಾಣೆ.

"ಅಂಚಿಗೆ ಹೋದ್ರೆ ಉಳಿದ ಮಣ್ಣೂ ಅವನ ಮೇಲೇ ಬೀಳೋದು. ಕೂತ್ಕೋ. ಇಲ್ಲಿಂದ್ಲೇ ಮಾತಾಡಿಸ್ತಿರು."

ಬಾಯಿಗೆ ಬಂದದ್ದೆಲ್ಲ ಬೈದೆ. ಅವರು ಕಿವಿಯ ಮೇಲೇ ಹಾಕಿಕೊಳ್ಳದೆ ಟೀಚರಿಂದ ಅಗ್ನಿಶಾಮಕದವರಿಗೆ ಫೋನ್ ಮಾಡಿಸಿದರು. ಮೇಸ್ತ್ರಿ ಅಂಚಿನಿಂದ ದೂರಕ್ಕೆ ಹಲಗೆ ಹಾಸಿ, ಮೊದಲು ಗುಡ್ಡೆಯ ಮಣ್ಣನ್ನು ಹಿಂದಕ್ಕೆ ಎಳೆಸಿದ. ಗಂಡ ಒಳಗಿದ್ದಾರೆ, ಇವರು ಹೊರಗಿನ ಮಣ್ಣು ತೆಗೆಯುತ್ತಿದ್ದಾರೆ ಎಂದು ನಾನು ಗೋಳಾಡಿದೆ. ಅಗ್ನಿಶಾಮಕದವರು ಬಂದು ಗುಂಡಿಯ ಬದಿಗೆ ಹಲಗೆ ಆನಿಸಿ ಅವರನ್ನು ಬಿಡಿಸಿ ಎತ್ತುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು, ಅಷ್ಟೇ. ಡಾಕ್ಟರು ಅಷ್ಟೇ ಎಂದಾಗ ಹೋದ ಜೀವ ಬಂದಂತಾಗಿ ಆಸ್ಪತ್ರೆಯ ನೆಲದ ಮೇಲೆ ಕುಳಿತುಬಿಟ್ಟೆ.

"ಎಷ್ಟು ಕೂಗ್ದೆ ಗೊತ್ತಾ?" ಎಂದರು ಇವರು, ಮಾತು ಬಂದ ಮೇಲೆ.

"ನಿಮ್ಮ ದನಿ ಪಕ್ಕದಲ್ಲಿ ಕೂತ್ರೇ ಕೇಳಲ್ಲ" ಎಂದು ಬೈದು ಅತ್ತೆ.

ಮುಂದಿನ ಭಾನುವಾರ ಒಬ್ಬಳೇ ಹೋದೆ. ನನ್ನ ಬೀಗದಕೈ ತೂಗುಹಾಕಿ, ಪಕ್ಕದ ಖಾಲಿ ಮೊಳೆ ನೋಡುತ್ತ, "ಆ ಗುಡ್ಡೆ ನಾನು ಹಾಕಿದ್ದಮ್ಮ" ಎಂದೆ.

"ಗೊತ್ತು. ಒಂದು ಸಲ ಹೇಳಿ ಸುಮ್ಮನಾದೆ. ಮಧ್ಯಾಹ್ನ ಬಂದು ಇನ್ನೊಂದು ಸಲ ನೋಡ್ಬೇಕಿತ್ತು" ಎಂದು ಸ್ಟ್ಯಾಂಡಮ್ಮ ಹೆಲ್ಮೆಟ್ ಕೈಗಿಟ್ಟರು. "ಪಟ್ಟಿ ಬಿಗಿ ಮಾಡ್ಕೋ."

ಆ ದಿನ ಪ್ರತಿ ಬುಟ್ಟಿಗೂ ನಾಲ್ಕು ಹೆಜ್ಜೆ ನಡೆದೆ. ಐದಕ್ಕೆ ಬೀಗದಕೈ ತೆಗೆದುಕೊಂಡು ಎಂದಿನಂತೆ ದಡದಡ ಮನೆಗೆ ಬಂದೆ. ತೂತಿಗೆ ತೂರಿಸಬೇಕು, ಅಷ್ಟರಲ್ಲಿ ಒಳಗಿನಿಂದ ಚಿಲಕ ಸರಿದ ಸದ್ದಾಯಿತು. ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು ಇವರು ನಿಂತಿದ್ದರು. ಇಷ್ಟು ವರ್ಷದಲ್ಲಿ ನನಗೆ ಇವರು ಬಾಗಿಲು ತೆಗೆದದ್ದು ಅದೇ ಮೊದಲು.

"ಯಾಕೆ ಅಲ್ಲೇ ನಿಂತೆ? ಬಾ ಒಳಗೆ" ಎಂದರು.